ಕಾಯ್ಲೋವರ್ ಆಯ್ಕೆ: ಮೊದಲು ಸ್ಪ್ರಿಂಗ್ ನೋಡಿ, ಎತ್ತರ ಆಮೇಲೆ

ಪ್ರಶ್ನೆ: ನನ್ನದು ಫ್ರಂಟ್ ವೀಲ್ ಡ್ರೈವ್ ಹ್ಯಾಚ್‌ಬ್ಯಾಕ್, ತೂಕ ಸುಮಾರು 1,250 ಕೆಜಿ. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗೂ ಶಾಕೂ ಒಂದೇ ಕಂಬದಲ್ಲಿ), ಹಿಂದೆ ಟಾರ್ಷನ್ ಬೀಮ್ (ಎರಡೂ ಹಿಂಚಕ್ರಗಳನ್ನು ಜೋಡಿಸುವ, ತಿರುಚಬಲ್ಲ ತೊಲೆ). 70,000 ಕಿಮೀ ಓಡಿದೆ, ಸಸ್ಪೆನ್ಷನ್ ಪೂರ್ತಿ ಕಂಪನಿಯದೇ. ತಿರುವಿನಲ್ಲಿ ಬಾಡಿ ತುಂಬ ವಾಲುತ್ತದೆ, ವೇಗ ಹೆಚ್ಚಿದಾಗ ಮೂತಿ ತೇಲಿದಂತೆ ಅನ್ನಿಸುತ್ತದೆ. ಕಾಯ್ಲೋವರ್ (ಎತ್ತರ ಬದಲಿಸಬಹುದಾದ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಸೆಟ್) ಹಾಕಿಸೋಣ ಅಂತ ಎರಡು ಕಿಟ್ ನೋಡಿಟ್ಟಿದ್ದೇನೆ. ಒಂದರಲ್ಲಿ ಮುಂದೆ 8, ಹಿಂದೆ 6 ಕೆಜಿ ಸ್ಪ್ರಿಂಗ್, 32 ಕ್ಲಿಕ್ ಡ್ಯಾಂಪಿಂಗ್ (ಶಾಕಿನ ತಡೆಯನ್ನು 32 ಹಂತದಲ್ಲಿ ಬದಲಿಸಬಹುದು), ಪಿಲ್ಲೋ ಬಾಲ್ ಮೌಂಟ್ (ರಬ್ಬರಿನ ಬದಲು ಲೋಹದ ಗೋಳದ ಕೀಲು). ಇನ್ನೊಂದರಲ್ಲಿ ಎತ್ತರ ಮಾತ್ರ ಬದಲಿಸಬಹುದು, ಆದರೂ ಬೆಲೆ ಅದರದ್ದೇ ಜಾಸ್ತಿ. ವಾರವಿಡೀ ಆಫೀಸ್ ಓಡಾಟ, ಆಗಾಗ ಹಿಂದಿನ ಸೀಟಿನಲ್ಲಿ ಮನೆಯವರು, ವರ್ಷಕ್ಕೆ ಒಂದೆರಡು ಸಲ ಟ್ರ್ಯಾಕ್. ಯಾವುದು ತಗೊಳ್ಳಲಿ?

ಉತ್ತರ: ನೀವು ಬರೆದಿರುವುದಷ್ಟನ್ನೇ ನೋಡಿ ಹೇಳುವುದಾದರೆ ಎರಡನೆಯದು. ಆದರೆ ಅದನ್ನೂ ಇವತ್ತೇ ಆರ್ಡರ್ ಮಾಡಬೇಡಿ.

ಮೊದಲು ಈಗಿರುವ ಗಾಡಿಯನ್ನೇ ಒಮ್ಮೆ ಜಾಕ್ ಮೇಲೆತ್ತಿ ನೋಡಿ. 70,000 ಕಿಮೀ ಓಡಿದ ಶಾಕ್ ಅಬ್ಸಾರ್ಬರ್ ಹೊರಗೆ ಎಣ್ಣೆ ಸೋರದಿದ್ದರೂ ಒಳಗೆ ಸವೆದಿರಬಹುದು. ವೇಗದಲ್ಲಿ ಮೂತಿ ತೇಲುವುದು, ಉಬ್ಬು ದಾಟಿದ ಮೇಲೆ ಬಾಡಿ ಒಂದೇ ಸಲಕ್ಕೆ ನಿಲ್ಲದೆ ಇನ್ನೂ ಎರಡು ಸಲ ಕುಣಿಯುವುದು ಇವೆಲ್ಲ ಸುಸ್ತಾದ ಡ್ಯಾಂಪರಿನ, ಅಂದರೆ ಶಾಕ್ ಅಬ್ಸಾರ್ಬರಿನ, ಲಕ್ಷಣಗಳು. ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ತೋಳಿನ, ಅಂದರೆ ಲೋವರ್ ಆರ್ಮಿನ, ರಬ್ಬರ್ ಬುಶ್‌ಗಳಲ್ಲಿ ಬಿರುಕು ಬಿಟ್ಟಿದೆಯೇ, ಬಾಲ್ ಜಾಯಿಂಟ್ ಆಡುತ್ತಿದೆಯೇ, ಸ್ಟ್ರಟ್ಟಿನ ಮೇಲ್ಗಡೆಯ ಮೌಂಟ್ ಬೇರಿಂಗ್ ಸದ್ದು ಮಾಡುತ್ತಿದೆಯೇ, ನೋಡಿಸಿ. ಸವೆದ ಬುಶ್‌ಗಳ ಮೇಲೆ ಎಂಥ ಕಾಯ್ಲೋವರ್ ಕೂರಿಸಿದರೂ ಸ್ಟೀರಿಂಗ್ ಚುರುಕಾಗುವುದಿಲ್ಲ, ಮೊದಲಿದ್ದ ಅಸ್ಪಷ್ಟತೆಯ ಜತೆಗೆ ಗಡಸುತನ ಸೇರಿಕೊಳ್ಳುತ್ತದೆ ಅಷ್ಟೇ. ಟೈರ್ ಕೂಡ ಹಳೆಯದಾಗಿದ್ದರೆ ಖರ್ಚಿನ ಪಟ್ಟಿಯಲ್ಲಿ ಅದಕ್ಕೇ ಮೊದಲ ಸ್ಥಾನ. ಹಿಡಿತ ಕೊಡುವುದು ರಬ್ಬರು. ಆ ರಬ್ಬರನ್ನು ರಸ್ತೆಗೆ ಒತ್ತಿ ಹಿಡಿದಿಡುವುದು ಸಸ್ಪೆನ್ಷನ್ನಿನ ಕೆಲಸ.

ಇದೆಲ್ಲ ಸರಿಯಿದ್ದೂ ಗಾಡಿ ಇನ್ನೂ ಚುರುಕಾಗಬೇಕು ಅನ್ನಿಸಿದರೆ ಕಾಯ್ಲೋವರ್ ಮಾತಿಗೆ ಬರೋಣ.

ಒಂದು ವಿಷಯ ಗೊತ್ತಿರಲಿ, ನಿಮ್ಮ ಗಾಡಿಯ ಮುಂಭಾಗದಲ್ಲಿ ಈಗಾಗಲೇ ಇರುವುದು ಡ್ಯಾಂಪರಿನ ಸುತ್ತ ಸ್ಪ್ರಿಂಗ್ ಕೂತಿರುವ ವ್ಯವಸ್ಥೆಯೇ. ಮಾರುಕಟ್ಟೆಯಲ್ಲಿ ಕಾಯ್ಲೋವರ್ ಅಂತ ಕರೆಯುವುದು ಅದರ ಮೇಲೆ ಮರೆ, ಅಂದರೆ ಬೋಲ್ಟಿನಲ್ಲಿರುವಂಥ ತಿರುಪು ಗೆರೆ, ಕೊರೆದ ಆವೃತ್ತಿಯನ್ನು. ಸ್ಪ್ರಿಂಗ್ ಕೂರುವ ತಟ್ಟೆಯನ್ನು ಮರೆಯ ಮೇಲೆ ತಿರುಗಿಸಿ ಮೇಲೆ ಕೆಳಗೆ ಮಾಡಬಹುದು. ಹಿಂದೆ ಟಾರ್ಷನ್ ಬೀಮ್ ಇರುವ ಬಹುತೇಕ ಹ್ಯಾಚ್‌ಬ್ಯಾಕ್‌ಗಳಲ್ಲಿ ಸ್ಪ್ರಿಂಗ್ ಒಂದು ಕಡೆ, ಡ್ಯಾಂಪರ್ ಇನ್ನೊಂದು ಕಡೆ ಇರುತ್ತದೆ. ಹಾಗಾಗಿ ಕಿಟ್ಟಿನ ಪೆಟ್ಟಿಗೆ ಬಿಚ್ಚಿದಾಗ ಹಿಂದಿನ ಸ್ಪ್ರಿಂಗೂ ಶಾಕೂ ಬಿಡಿಬಿಡಿಯಾಗಿ ಸಿಕ್ಕರೆ ಗಾಬರಿ ಬೇಡ, ಅದು ಹಾಗೇ.

ಈಗ ಮುಖ್ಯ ವಿಷಯ, ಸ್ಪ್ರಿಂಗ್. ಮುಂದೆ 8 ಕೆಜಿ ಅಂದರೆ ಸ್ಪ್ರಿಂಗನ್ನು ಒಂದು ಮಿಲಿಮೀಟರ್ ಅದುಮಲು 8 ಕೆಜಿ ಭಾರ ಬೇಕು ಅಂತ ಅರ್ಥ. ಕೆಲವು ಕಂಪನಿಗಳು ಇದನ್ನೇ ನ್ಯೂಟನ್ ಲೆಕ್ಕದಲ್ಲಿ ಕೊಡುತ್ತವೆ, ಆಗ ಸುಮಾರು 78 ಎಂದಿರುತ್ತದೆ. ಇಂಚಿಗೆ ಪೌಂಡ್ ಲೆಕ್ಕದಲ್ಲಿ ಕೊಟ್ಟರೆ 448ರ ಆಸುಪಾಸು. ಮೂರೂ ಒಂದೇ. ನಿಮ್ಮಂಥ ಗಾಡಿಯಲ್ಲಿ ಕಂಪನಿಯ ಸ್ಪ್ರಿಂಗ್ 2.5 ಕೆಜಿ ಇದೆ ಅಂದುಕೊಳ್ಳಿ. 8 ಅಂದರೆ ಅದರ ಮೂರು ಪಟ್ಟಿಗಿಂತ ಹೆಚ್ಚು. ಈ ಸಂಖ್ಯೆ ಕೇಳಿದರೆ ಹುಮ್ಮಸ್ಸು ಬರುತ್ತದೆ ನಿಜ, ಆದರೆ ಅದು ನಿಮ್ಮ ಗಾಡಿಗೆ ಏನು ಮಾಡುತ್ತದೆ ಎಂದು ತಿಳಿಯಲು ಇನ್ನೊಂದು ಲೆಕ್ಕ ಬೇಕು.

ಸ್ಪ್ರಿಂಗಿನ ಮೇಲೆ ಕೂತ ಬಾಡಿಗೆ ಅದರದ್ದೇ ಒಂದು ಕುಣಿತದ ಲಯ ಇರುತ್ತದೆ, ಸೆಕೆಂಡಿಗೆ ಇಷ್ಟು ಸಲ ಎಂದು. ಅದನ್ನು ಹರ್ಟ್ಜ್‌ನಲ್ಲಿ ಅಳೆಯುತ್ತಾರೆ. ಸೂತ್ರ ಸರಳ: ಸ್ಪ್ರಿಂಗಿನ ಗಡಸುತನವನ್ನು (ಮೀಟರಿಗೆ ಇಷ್ಟು ನ್ಯೂಟನ್ ಎಂಬ ಲೆಕ್ಕದಲ್ಲಿ) ಅದು ಹೊತ್ತ ಭಾರದಿಂದ (ಕೆಜಿಯಲ್ಲಿ) ಭಾಗಿಸಿ, ವರ್ಗಮೂಲ ತೆಗೆದು, 6.28ರಿಂದ ಭಾಗಿಸುವುದು. 1,250 ಕೆಜಿಯಲ್ಲಿ ಶೇಕಡ 60 ಮುಂದೆ ಎಂದಿಟ್ಟುಕೊಂಡು, ಚಕ್ರ, ಬ್ರೇಕ್, ಹಬ್‌ಗಳ ತೂಕ ಕಳೆದರೆ ಮುಂದಿನ ಒಂದೊಂದು ಸ್ಪ್ರಿಂಗ್ ಸುಮಾರು 340 ಕೆಜಿ ಹೊರುತ್ತದೆ. 2.5 ಕೆಜಿ ಸ್ಪ್ರಿಂಗಿಗೆ ಲೆಕ್ಕ ಹಾಕಿದರೆ 1.35 ಹರ್ಟ್ಜ್ ಬರುತ್ತದೆ. ಸಾಮಾನ್ಯ ಕಾರುಗಳೆಲ್ಲ 1ರಿಂದ 1.5ರ ಒಳಗೇ ಇರುತ್ತವೆ, ಏಕೆಂದರೆ ಮನುಷ್ಯ ನಡೆಯುವಾಗಿನ ಲಯಕ್ಕೆ ಹತ್ತಿರವಾದ ಆ ಏರಿಳಿತ ಮೈಗೆ ಹಿತ. 4.5 ಕೆಜಿ ಹಾಕಿದರೆ 1.8 ಆಗುತ್ತದೆ. ರಸ್ತೆಯಲ್ಲಿ ಓಡುವ ಸ್ಪೋರ್ಟಿ ಗಾಡಿಗೆ 1.5ರಿಂದ 2 ಹರ್ಟ್ಜ್ ಸರಿಯಾದ ವ್ಯಾಪ್ತಿ. 8 ಕೆಜಿಗೆ ಬರುವುದು 2.4. ಅದು ರೇಸ್ ಗಾಡಿಯ ವ್ಯಾಪ್ತಿ, ನುಣುಪಾದ ಟ್ರ್ಯಾಕಿಗೆ ಹೇಳಿ ಮಾಡಿಸಿದ್ದು. ರಸ್ತೆಯ ಮೇಲೆ ಅದೇ ಗಾಡಿ ಉಬ್ಬು ತಗ್ಗುಗಳಿಗೆ ಚಕ್ರವನ್ನು ಎತ್ತಿ ಎತ್ತಿ ಹಾಕುತ್ತದೆ. ನೆಲ ಬಿಟ್ಟ ಟೈರಿಗೆ ಹಿಡಿತವೆಲ್ಲಿಂದ ಬರಬೇಕು? ಗಡಸು ಸ್ಪ್ರಿಂಗ್ ಹಾಕಿಸಿಕೊಂಡವರು ಒರಟು ರಸ್ತೆಯ ತಿರುವಿನಲ್ಲಿ ಮೊದಲಿಗಿಂತ ನಿಧಾನವಾಗುವುದು ಇದಕ್ಕೇ. ಮೈಗೆ ಮಾತ್ರ ವೇಗ ಹೆಚ್ಚಿದಂತೆ ಅನ್ನಿಸುತ್ತಿರುತ್ತದೆ.

ಹಿಂದಿನ 6 ಕೆಜಿಯನ್ನು ಮುಂದಿನ 8ರ ಜತೆ ನೇರವಾಗಿ ಹೋಲಿಸಬೇಡಿ. ಸ್ಪ್ರಿಂಗ್ ಚಕ್ರದ ನೇರಕ್ಕೆ ಇರದೆ ಒಳಗಡೆಗೆ ಸರಿದು ಕೂತಿದ್ದರೆ ಚಕ್ರ 10 ಮಿಮೀ ಏರಿದಾಗ ಸ್ಪ್ರಿಂಗ್ ಅದುಮುವುದು 7 ಅಥವಾ 8 ಮಿಮೀ ಮಾತ್ರ. ಈ ಅನುಪಾತಕ್ಕೆ ಮೋಷನ್ ರೇಶಿಯೋ ಅನ್ನುತ್ತಾರೆ, ಲೆಕ್ಕದಲ್ಲಿ ಅದರ ವರ್ಗ ಬರುತ್ತದೆ. ಅನುಪಾತ 0.75 ಇದ್ದರೆ ಚಕ್ರಕ್ಕೆ ತಟ್ಟುವ ಗಡಸುತನ 6 ಕೆಜಿಯಲ್ಲ, ಸುಮಾರು 3.4 ಕೆಜಿ. ಮುಂದಿನ ಸ್ಟ್ರಟ್ಟಿನಲ್ಲಿ ಈ ಅನುಪಾತ ಹೆಚ್ಚು ಕಡಿಮೆ 1 ಇರುವುದರಿಂದ ಅಲ್ಲಿ ತಲೆಕೆಡಿಸಿಕೊಳ್ಳಬೇಕಿಲ್ಲ. ಹಿಂದಿನ ಲಯ ಮುಂದಿನದಕ್ಕಿಂತ ಸ್ವಲ್ಪ ಚುರುಕಾಗಿರುವುದು ಒಳ್ಳೆಯದು ಎಂಬ ತತ್ವ 1930ರ ದಶಕದಷ್ಟು ಹಳೆಯದು. ಜನರಲ್ ಮೋಟಾರ್ಸ್‌ನಲ್ಲಿದ್ದ ಎಂಜಿನಿಯರ್ ಮಾರಿಸ್ ಓಲಿ ಕಂಡುಕೊಂಡದ್ದು. ಉಬ್ಬಿಗೆ ಮುಂದಿನ ಚಕ್ರ ಮೊದಲು ಸಿಗುತ್ತದೆ, ಹಿಂದಿನದು ತಡವಾಗಿ. ಹಿಂಭಾಗ ತುಸು ಬೇಗ ಕುಣಿದರೆ ಮುಂಭಾಗವನ್ನು ಹಿಡಿದುಬಿಡುತ್ತದೆ, ಬಾಡಿ ತೊಟ್ಟಿಲಾಡದೆ ಸಮವಾಗಿ ಏರಿ ಇಳಿಯುತ್ತದೆ. ನೀವು ಹೇಳಿದ ಮೊದಲನೇ ಕಿಟ್ಟಿನಲ್ಲಿ ಮುಂದೆ 2.4 ಇದ್ದು ಹಿಂದೆ 2ರ ಆಸುಪಾಸು ಬರುತ್ತದೆ, ಅಂದರೆ ಉಲ್ಟಾ. ಮನೆಯವರು ಹಿಂದೆ ಕೂತರಂತೂ ಹಿಂದಿನ ಲಯ ಇನ್ನೂ ಇಳಿಯುತ್ತದೆ. ಅವರಿಗೆ ಆಗುವ ಕಿರಿಕಿರಿ ಸ್ಟೀರಿಂಗ್ ಹಿಡಿದ ನಿಮಗೆ ಗೊತ್ತೇ ಆಗುವುದಿಲ್ಲ.

ಇನ್ನು 32 ಕ್ಲಿಕ್. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂದ ಹಾಗೆ, ಒಳಗೆ ವಾಲ್ವ್ ಸರಿಯಿಲ್ಲದ ಡ್ಯಾಂಪರಿಗೂ ತುದಿಯಲ್ಲೊಂದು ತಿರುಗಣೆ ಕೂರಿಸುವುದು ಕಷ್ಟವೇನಲ್ಲ. ಸ್ಪ್ರಿಂಗ್ ಅದುಮಿಸಿಕೊಂಡ ಶಕ್ತಿಯನ್ನು ವಾಪಸ್ ಉಗುಳುವಾಗ ಅದನ್ನು ಎಣ್ಣೆಯಲ್ಲಿ ಬಿಸಿಯಾಗಿಸಿ ಕರಗಿಸುವುದು ಡ್ಯಾಂಪರಿನ ಕೆಲಸ. ಅದುಮುವಾಗಿನ ತಡೆಗೆ ಕಂಪ್ರೆಷನ್ ಅಥವಾ ಬಂಪ್ ಎಂದೂ, ಹಿಗ್ಗುವಾಗಿನ ತಡೆಗೆ ರಿಬೌಂಡ್ ಎಂದೂ ಹೆಸರು. ಒಂದೇ ತಿರುಗಣೆ ಇರುವ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಎರಡೂ ಒಟ್ಟೊಟ್ಟಿಗೆ ಬದಲಾಗುತ್ತವೆ, ರಿಬೌಂಡ್ ಹೆಚ್ಚು ಪ್ರಮಾಣದಲ್ಲಿ, ಬಂಪ್ ಕಡಿಮೆ ಪ್ರಮಾಣದಲ್ಲಿ. ಅಗ್ಗದ ಡ್ಯಾಂಪರುಗಳಲ್ಲಿ ಪೂರ್ತಿ ಬಿಗಿಯಿಂದ ಮೊದಲ ಏಳೆಂಟು ಕ್ಲಿಕ್ ಬಿಟ್ಟರೆ ಉಳಿದದ್ದರಲ್ಲಿ ಫರಕ್ಕೇ ಕಾಣುವುದಿಲ್ಲ. ಎಡಗಡೆಯ 10ನೇ ಕ್ಲಿಕ್ಕಿಗೂ ಬಲಗಡೆಯ 10ನೇ ಕ್ಲಿಕ್ಕಿಗೂ ತಾಳೆಯಾಗದ ಸೆಟ್‌ಗಳೂ ಇವೆ, ಅವು ಬ್ರೇಕ್ ಹೊಡೆದಾಗ ಗಾಡಿಯನ್ನು ಒಂದು ಕಡೆಗೆ ಎಳೆಯುತ್ತವೆ.

ಆದ್ದರಿಂದ ಕ್ಲಿಕ್ ಎಷ್ಟು ಎಂದು ಕೇಳಬೇಡಿ, ಡೈನೋ ಗ್ರಾಫ್ ಕೇಳಿ. ಡ್ಯಾಂಪರನ್ನು ಯಂತ್ರಕ್ಕೆ ಕಟ್ಟಿ, ಅದರೊಳಗೆ ಹೊರಗೆ ಓಡಾಡುವ ರಾಡ್ ಯಾವ ವೇಗದಲ್ಲಿ ಚಲಿಸಿದಾಗ ಎಷ್ಟು ಬಲದಿಂದ ತಡೆಯುತ್ತದೆ ಎಂದು ಅಳೆದ ಚಿತ್ರ ಅದು. ಒಳ್ಳೆಯ ತಯಾರಕರು ಕೇಳಿದರೆ ಕೊಡುತ್ತಾರೆ. ಅದರಲ್ಲಿ ಲೋ ಸ್ಪೀಡ್, ಹೈ ಸ್ಪೀಡ್ ಎಂಬ ಪದಗಳು ಬಂದರೆ ಕಾರಿನ ವೇಗ ಎಂದುಕೊಳ್ಳಬೇಡಿ, ಅದು ರಾಡಿನ ವೇಗ. ತಿರುವಿನಲ್ಲಿ ವಾಲುವಾಗ, ಬ್ರೇಕಿಗೆ ಮೂತಿ ಬಗ್ಗುವಾಗ ರಾಡ್ ನಿಧಾನವಾಗಿ ಚಲಿಸುತ್ತದೆ. ಗುಂಡಿಯ ಅಂಚಿಗೆ ಚಕ್ರ ಬಡಿದಾಗ ಅತಿ ವೇಗವಾಗಿ ಚಲಿಸುತ್ತದೆ. ನಿಧಾನದ ಭಾಗದಲ್ಲಿ ಗೆರೆ ಚುರುಕಾಗಿ ಏರಿ, ವೇಗದ ಭಾಗದಲ್ಲಿ ಏರು ತಗ್ಗಿದ್ದರೆ ಆ ಡ್ಯಾಂಪರ್ ಗಾಡಿಯನ್ನು ಹಿಡಿತದಲ್ಲಿಟ್ಟೂ ಬೆನ್ನಿಗೆ ಗುದ್ದುವುದಿಲ್ಲ. ಓಲಿನ್ಸ್‌ನ ರೋಡ್ ಆ್ಯಂಡ್ ಟ್ರ್ಯಾಕ್ ಕಿಟ್ಟಿನಲ್ಲಿ ತಿರುಗಣೆ ಒಂದೇ. ಆದರೆ ಡ್ಯುಯಲ್ ಫ್ಲೋ ವಾಲ್ವ್ ಎಂಬ ಅದರ ವ್ಯವಸ್ಥೆ ರಾಡ್ ಎರಡೂ ದಿಕ್ಕಿನಲ್ಲಿ ಚಲಿಸುವಾಗ ಎಣ್ಣೆಗೆ ಒಂದೇ ಬಗೆಯ ದಾರಿ ಕೊಡುತ್ತದೆ, ಅದಕ್ಕೇ ಅದರ ಹೆಸರು ಅಷ್ಟು ಓಡಿರುವುದು.

ಸ್ಪ್ರಿಂಗೂ ಡ್ಯಾಂಪರೂ ಜೋಡಿ. ಸ್ಪ್ರಿಂಗ್ 2.5ರಿಂದ 8ಕ್ಕೆ ಹೋದರೆ, ಮೊದಲಿನಷ್ಟೇ ಹದವಾಗಿ ಕುಣಿತ ನಿಲ್ಲಿಸಲು ಡ್ಯಾಂಪಿಂಗ್ ಸುಮಾರು 1.8 ಪಟ್ಟು ಬೇಕು. ಇಷ್ಟು ತಡೆ ಕೊಡಲಾಗದ ಡ್ಯಾಂಪರಿಗೆ ಗಡಸು ಸ್ಪ್ರಿಂಗ್ ಕಟ್ಟಿದರೆ ಗಾಡಿ ಗಟ್ಟಿಯೂ ಆಗುತ್ತದೆ, ಕುಣಿಯುವುದನ್ನೂ ಬಿಡುವುದಿಲ್ಲ. ಕಂಪನಿಯ ಶಾಕ್ ಉಳಿಸಿಕೊಂಡು ಗಿಡ್ಡ ಸ್ಪ್ರಿಂಗ್ ಮಾತ್ರ ಹಾಕಿಸುವವರು ಸಿಕ್ಕಿಬೀಳುವುದೂ ಇಲ್ಲೇ.

ಎತ್ತರ ಮಾತ್ರ ಬದಲಿಸಬಹುದಾದ ಕಿಟ್ ದುಬಾರಿ ಯಾಕೆ ಎಂಬುದಕ್ಕೆ ಉತ್ತರವೂ ಇದರಲ್ಲೇ ಇದೆ. ಬಿಲ್‌ಸ್ಟೈನ್ ಬಿ14, ಕೆಡಬ್ಲ್ಯೂ ವೇರಿಯಂಟ್ 1 ಇಂಥವು. ಡ್ಯಾಂಪಿಂಗನ್ನು ಆಯಾ ಗಾಡಿಯ ತೂಕಕ್ಕೂ ತಮ್ಮದೇ ಸ್ಪ್ರಿಂಗಿಗೂ ಹೊಂದಿಸಿ, ಕಾರ್ಖಾನೆಯಲ್ಲೇ ಬೀಗ ಹಾಕಿ ಕಳಿಸುತ್ತಾರೆ. ನಿಮ್ಮ ದುಡ್ಡು ತಿರುಗಣೆಗಲ್ಲ, ಆ ಹೊಂದಾಣಿಕೆಗೆ ಹೋಗುತ್ತದೆ. ಟ್ರ್ಯಾಕ್ ದಿನಕ್ಕೆ ಬೇರೆ ಸೆಟಿಂಗ್ ಬೇಕೇ ಬೇಕು ಅನ್ನುವವರಿಗೆ ಅದೇ ಕೆಡಬ್ಲ್ಯೂನಲ್ಲಿ ರಿಬೌಂಡ್ ಬದಲಿಸಬಹುದಾದ ವೇರಿಯಂಟ್ 2, ರಿಬೌಂಡ್, ಬಂಪ್ ಎರಡನ್ನೂ ಬೇರೆ ಬೇರೆಯಾಗಿ ಬದಲಿಸಬಹುದಾದ ವೇರಿಯಂಟ್ 3 ಇವೆ. ಬಿಲ್‌ಸ್ಟೈನ್‌ನಲ್ಲಿ 10 ಹಂತದ ಬಿ16 ಇದೆ. ವರ್ಷಕ್ಕೆ ಒಂದೆರಡು ಸಲದ ಟ್ರ್ಯಾಕಿಗೆ ರಿಬೌಂಡ್ ಅಡ್ಜಸ್ಟ್‌ಮೆಂಟ್ ಸಾಕೋ ಸಾಕು. ನಾಲ್ಕು ತಿರುಗಣೆಗಳ ನಡುವೆ ದಾರಿ ತಪ್ಪಿದವರೇ ಜಾಸ್ತಿ.

ಮೊನೋಟ್ಯೂಬ್ ಬೇಕೋ ಟ್ವಿನ್ ಟ್ಯೂಬೋ ಎಂದು ಅಂಗಡಿಯವರು ಕೇಳಿಯೇ ಕೇಳುತ್ತಾರೆ. ಮೊನೋಟ್ಯೂಬಿನಲ್ಲಿ ಒಂದೇ ಕೊಳವೆ, ಎಣ್ಣೆಯನ್ನೂ ಒತ್ತಡದ ನೈಟ್ರೋಜನ್ನನ್ನೂ ಬೇರ್ಪಡಿಸುವ ತೇಲುವ ಪಿಸ್ಟನ್. ಬಿಸಿ ಬೇಗ ಹೊರಹೋಗುತ್ತದೆ, ಎಣ್ಣೆ ನೊರೆಗಟ್ಟುವುದಿಲ್ಲ, ಟ್ರ್ಯಾಕಿನಲ್ಲಿ ಹತ್ತಾರು ಸುತ್ತಿನ ಮೇಲೂ ಸಡಿಲವಾಗುವುದಿಲ್ಲ. ಆದರೆ ಕೊಳವೆಗೆ ಕಲ್ಲು ಬಡಿದು ತಗ್ಗು ಬಿದ್ದರೆ ಒಳಗಿನ ಪಿಸ್ಟನ್ ಸಿಕ್ಕಿಕೊಂಡು ಕತೆ ಮುಗಿಯುತ್ತದೆ. ಟ್ವಿನ್ ಟ್ಯೂಬ್ ಹೊರಗಿನ ಪೆಟ್ಟು ತಡೆದುಕೊಳ್ಳುತ್ತದೆ, ಅಷ್ಟೇ ಉದ್ದದಲ್ಲಿ ರಾಡಿಗೆ ಹೆಚ್ಚು ಓಡಾಟ (ಸ್ಟ್ರೋಕ್) ಕೊಡುತ್ತದೆ, ಸೀಲಿನ ಮೇಲೆ ಒತ್ತಡ ಕಡಿಮೆ. ಕೆಡಬ್ಲ್ಯೂನವರು ಬೀದಿಗಾಡಿಯ ಕಿಟ್‌ಗಳಲ್ಲಿ ಟ್ವಿನ್ ಟ್ಯೂಬನ್ನೇ ಬಳಸುತ್ತಾರೆ, ಅವು ಯಾರಿಗೂ ಕಡಿಮೆಯಿಲ್ಲ. ನಿಮ್ಮ ಬಳಕೆಗೆ ಯಾವುದಾದರೂ ನಡೆಯುತ್ತದೆ. ಕೇಳಬೇಕಾದದ್ದು ಬೇರೆ: ಸೀಲ್ ಹೋದರೆ ಬಿಚ್ಚಿ ರಿಪೇರಿ ಮಾಡಬಹುದೇ, ಬಿಡಿಭಾಗ ಸಿಗುತ್ತದೆಯೇ? ಟೀನ್‌ನ ಫ್ಲೆಕ್ಸ್ ಜೆಡ್‌ನಂಥ ಕೆಲವು ಕಿಟ್‌ಗಳು ಪೂರ್ತಿ ಸೀಲ್ ಆಗಿ ಬರುತ್ತವೆ, ಹೋದರೆ ಆ ಒಂದು ಡ್ಯಾಂಪರನ್ನೇ ಹೊಸದು ಹಾಕಬೇಕು. ಅದೂ ಒಂದು ಲೆಕ್ಕವೇ, ಬಿಡಿ ಡ್ಯಾಂಪರ್ ಸುಲಭವಾಗಿ ಸಿಗುವುದಾದರೆ.

ಎತ್ತರದ ವಿಚಾರಕ್ಕೆ ಬಂದರೆ ನನ್ನ ಸಲಹೆ ಬಹಳ ಜನರಿಗೆ ಹಿಡಿಸುವುದಿಲ್ಲ: 20ರಿಂದ 25 ಮಿಮೀ ಇಳಿಸಿ, ಅಲ್ಲಿಗೆ ನಿಲ್ಲಿಸಿ. ಕಾರಣ ಗಾಡಿಯ ಕೆಳಗೆ ಮಲಗಿ ನೋಡಿದರೆ ಕಣ್ಣಿಗೇ ಕಾಣುತ್ತದೆ. ಮುಂದಿನ ಲೋವರ್ ಆರ್ಮ್ ಈಗ ಒಳಗಿನಿಂದ ಚಕ್ರದ ಕಡೆಗೆ ತುಸು ಕೆಳಮುಖವಾಗಿದೆ. ಗಾಡಿ ಇಳಿಸುತ್ತ ಹೋದರೆ ಅದು ಮಟ್ಟಸವಾಗಿ, ಆಮೇಲೆ ಮೇಲ್ಮುಖವಾಗುತ್ತದೆ. ಹಾಗಾದಾಗ ಗಾಡಿ ವಾಲುವ ಕೇಂದ್ರ, ಅಂದರೆ ರೋಲ್ ಸೆಂಟರ್, ಗಾಡಿ ಇಳಿದದ್ದಕ್ಕಿಂತ ಹೆಚ್ಚು ಕೆಳಕ್ಕೆ ಜಾರುತ್ತದೆ. ಅದಕ್ಕೂ ಗುರುತ್ವ ಕೇಂದ್ರಕ್ಕೂ ಇರುವ ಅಂತರ ಹಿಗ್ಗುತ್ತದೆ, ಆ ಅಂತರವೇ ಬಾಡಿಯನ್ನು ವಾಲಿಸುವ ಸನ್ನೆ. 60 ಮಿಮೀ ಇಳಿಸಿದ ಮ್ಯಾಕ್‌ಫರ್ಸನ್ ಗಾಡಿ ನೆಲಕ್ಕಂಟಿದಂತೆ ಕಂಡರೂ ಅದೇ ಸ್ಪ್ರಿಂಗಿಗೆ ಹೆಚ್ಚು ವಾಲುತ್ತದೆ. ವಾಲಿದಾಗ ಹೊರಚಕ್ರದ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಕಾಣುವ ಚಕ್ರದ ಓರೆ) ಕೂಡ ಬೇಡದ ದಿಕ್ಕಿಗೆ ಹೋಗುತ್ತದೆ. ಸ್ಟೀರಿಂಗ್ ರಾಡಿನ ಕೋನ ಆರ್ಮಿನ ಕೋನಕ್ಕೆ ತಾಳೆಯಾಗದೆ, ಉಬ್ಬು ಸಿಕ್ಕಾಗಲೆಲ್ಲ ಚಕ್ರ ತಾನಾಗಿ ತಿರುಗುವ ಬಂಪ್ ಸ್ಟಿಯರ್ ಶುರುವಾಗುತ್ತದೆ. ನಿಮ್ಮ ದೂರೇ ಗಾಡಿ ವಾಲುತ್ತದೆ ಎಂಬುದು. ಅದಕ್ಕೆ ಔಷಧಿ ಎಂದು ಗಾಡಿ ಇಳಿಸಿದರೆ ರೋಗ ಹೆಚ್ಚಾಗುತ್ತದೆ.

ಇಳಿಸಿದಷ್ಟೂ ಬಂಪ್ ಸ್ಟಾಪ್ ಹತ್ತಿರವಾಗುತ್ತದೆ ಎಂಬುದು ಇನ್ನೊಂದು ಕಾರಣ. ರಾಡಿಗೆ ಪೋಣಿಸಿರುವ ಆ ಪಾಲಿಯೂರಿಥೇನ್ ತುಂಡು ಡ್ಯಾಂಪರ್ ತಳಕ್ಕೆ ಬಡಿಯದಂತೆ ಕಾಯುತ್ತದೆ. ತಿರುವಿನ ನಡುವೆ ಗಾಡಿ ಅದರ ಮೇಲೆ ಕೂತುಬಿಟ್ಟರೆ ಆ ಚಕ್ರದ ಗಡಸುತನ ಒಮ್ಮೆಲೇ ಏರಿ ಹಿಡಿತ ಹಠಾತ್ತಾಗಿ ತಪ್ಪುತ್ತದೆ. ಎಷ್ಟು ಜಾಗ ಉಳಿದಿದೆ ಎಂದು ನೋಡಲು ಒಂದು ಸುಲಭದ ಉಪಾಯವಿದೆ. ಡ್ಯಾಂಪರಿನ ಹೊಳೆಯುವ ರಾಡ್ ಕಣ್ಣಿಗೆ ಕಾಣುವಂತಿದ್ದರೆ ಅದಕ್ಕೊಂದು ಸಣ್ಣ ಕೇಬಲ್ ಟೈ ಸುತ್ತಿ, ಕೊಳವೆಯ ಬಾಯಿಯ ತನಕ ಸರಿಸಿ ಬಿಡಿ. ದಿನದ ದಾರಿಯಲ್ಲೇ ಒಂದು ವಾರ ಓಡಿಸಿ, ಟೈ ಎಲ್ಲಿಗೆ ಸರಿದಿದೆ ನೋಡಿ. ಬಂಪ್ ಸ್ಟಾಪಿಗೆ ಒತ್ತಿಕೊಂಡೇ ಇದ್ದರೆ ಗಾಡಿ ಏರಿಸಬೇಕು ಅಥವಾ ಸ್ಪ್ರಿಂಗ್ ತುಸು ಗಟ್ಟಿಯಾಗಬೇಕು. ನಡುವೆ 15 ಮಿಮೀ ಉಳಿದಿದ್ದರೆ ಸುಖವಾಗಿದ್ದೀರಿ.

ಎತ್ತರ ಬದಲಿಸುವ ಬಗೆಯಲ್ಲೂ ಎರಡಿವೆ. ಸ್ಪ್ರಿಂಗ್ ತಟ್ಟೆಯನ್ನೇ ತಿರುಗಿಸುವುದು ಒಂದು, ಡ್ಯಾಂಪರಿನ ಕೆಳಗಿನ ಬ್ರಾಕೆಟ್ಟನ್ನು ಮರೆಯ ಮೇಲೆ ಏರಿಳಿಸುವುದು ಇನ್ನೊಂದು. ಎರಡನೆಯದರಲ್ಲಿ ಎತ್ತರ ಬದಲಾದರೂ ಡ್ಯಾಂಪರಿನೊಳಗಿನ ಓಡಾಟದ ಜಾಗ ಹಾಗೇ ಉಳಿಯುತ್ತದೆ, ಇದು ನಿಜವಾದ ಅನುಕೂಲ. ಆದರೆ ಚಕ್ರ ಮಡ್‌ಗಾರ್ಡಿಗೆ ತಗಲುವ ಅಪಾಯವನ್ನು ನೀವೇ ನೋಡಿಕೊಳ್ಳಬೇಕು. ತಟ್ಟೆ ಬಿಗಿದು ಪ್ರೀಲೋಡ್ (ಸ್ಪ್ರಿಂಗನ್ನು ಮೊದಲೇ ಅದುಮಿಟ್ಟಿರುವುದು) ಹೆಚ್ಚಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂಬ ನಂಬಿಕೆಯೊಂದಿದೆ. ಸಾಧಾರಣ ಸ್ಪ್ರಿಂಗಿನಲ್ಲಿ ಗಡಸುತನ ಬದಲಾಗುವುದೇ ಇಲ್ಲ. ಬದಲಾಗುವುದು ಗಾಡಿಯ ಎತ್ತರ, ಚಕ್ರ ಕೆಳಕ್ಕೆ ಜೋತುಬೀಳಲು ಉಳಿಯುವ ಜಾಗ. ಅದು ತೀರ ಕಡಿಮೆಯಾದರೆ ತಗ್ಗಿಗೆ ಚಕ್ರ ಇಳಿಯದೆ ಗಾಳಿಯಲ್ಲೇ ನಿಲ್ಲುತ್ತದೆ.

ಪಿಲ್ಲೋ ಬಾಲ್ ಮೌಂಟ್ ನಿಮಗೆ ಬೇಡ. ಸ್ಟೀರಿಂಗ್ ತುಸು ಖಡಕ್ಕಾಗುತ್ತದೆ, ಆದರೆ ಧೂಳು ನೀರು ಹೊಕ್ಕರೆ ಕಟಕಟ ಶುರು. ರಬ್ಬರ್ ಮೌಂಟ್ ಸಾಕು, ಹೊಸದನ್ನೇ ಹಾಕಿಸಿ.

ಹಾಕಿಸುವ ದಿನ ಮೆಕ್ಯಾನಿಕ್ ಹತ್ತಿರ ನಿಂತು ನೋಡಬೇಕಾದದ್ದು ಒಂದಿದೆ, ಇದನ್ನು ಬಹುತೇಕ ಕಡೆ ತಪ್ಪು ಮಾಡುತ್ತಾರೆ. ಲೋವರ್ ಆರ್ಮ್ ಮತ್ತು ಹಿಂದಿನ ಬೀಮಿನ ಬುಶ್ ಬೋಲ್ಟುಗಳನ್ನು ಚಕ್ರ ಜೋತಾಡುತ್ತಿರುವಾಗ ಬಿಗಿಯಬಾರದು. ರಬ್ಬರ್ ಬುಶ್ ಯಾವ ಕೋನದಲ್ಲಿ ಬಿಗಿದಿರುತ್ತದೋ ಅದೇ ಅದಕ್ಕೆ ವಿಶ್ರಾಂತಿಯ ಸ್ಥಾನ. ಗಾಡಿ ಕೆಳಗಿಳಿದಾಗ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ, ಎತ್ತರದ ಅಳತೆಯೂ ಸುಳ್ಳಾಗುತ್ತದೆ. ಹಳೆಯ ಬೋಲ್ಟ್ ಸಡಿಲಿಸಿ, ಗಾಡಿಯ ಭಾರ ಚಕ್ರದ ಮೇಲೆ ಬಂದ ಮೇಲೆ, ಕಂಪನಿ ಹೇಳಿದ ಟಾರ್ಕಿಗೆ ಬಿಗಿಯಬೇಕು. ಎತ್ತರವನ್ನು ನೆಲದಿಂದ ಅಳೆಯದೆ, ಹಬ್ಬಿನ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ಅಳೆಯಿರಿ, ಹಳೆಯ ಅಳತೆ ನಾಲ್ಕೂ ಚಕ್ರದ್ದು ಮೊದಲೇ ಬರೆದಿಟ್ಟುಕೊಳ್ಳಿ. ಮರೆಗೆ ಆ್ಯಂಟಿ ಸೀಜ್ ಗ್ರೀಸ್ ಹಚ್ಚದಿದ್ದರೆ ಎರಡು ಮಳೆಗಾಲದ ಬಳಿಕ ತಟ್ಟೆ ಅಲ್ಲಾಡುವುದೇ ಇಲ್ಲ.

ವೀಲ್ ಅಲೈನ್‌ಮೆಂಟ್ ಎರಡು ಸಲ ಬೇಕು. ಹಾಕಿಸಿದ ಮೇಲೆ ಆದಷ್ಟು ಬೇಗ ಒಮ್ಮೆ, ಒಂದೆರಡು ವಾರದಲ್ಲಿ ಸ್ಪ್ರಿಂಗ್ ಕೂತ ಮೇಲೆ ಇನ್ನೊಮ್ಮೆ ಮಾಡಿಸಿದರೆ ಟೈರ್ ಉಳಿಯುತ್ತದೆ. ಮುಂದೆ ಮೈನಸ್ 1.5 ಡಿಗ್ರಿ ಹತ್ತಿರದ ಕ್ಯಾಂಬರ್, ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಸೊನ್ನೆ, ನಿಮ್ಮ ಬಳಕೆಗೆ ಒಳ್ಳೆಯ ಆರಂಭ. ಟೋ ತಪ್ಪಿದ್ದರೆ ಕ್ಯಾಂಬರಿಗಿಂತ ಬೇಗ ಟೈರ್ ತಿಂದುಹಾಕುತ್ತದೆ. ಹೆಡ್‌ಲೈಟಿನ ಮಟ್ಟ ಬದಲಾಗಿರುತ್ತದೆ, ಸರಿ ಮಾಡಿಸಿ. ಗಾಜಿನ ಹಿಂದೆ ಲೇನ್ ನೋಡುವ ಕ್ಯಾಮೆರಾ ಇದ್ದರೆ ಅದನ್ನೂ ಮರು ಹೊಂದಿಸಬೇಕಾಗಬಹುದು. ಕಂಪನಿಯ ಡ್ಯಾಂಪರ್ ಎಲೆಕ್ಟ್ರಾನಿಕ್ ಆಗಿದ್ದರೆ ಎಚ್ಚರಿಕೆ ದೀಪ ಆರಿಸುವ ಬೇರೆ ಭಾಗ ಬೇಕು, ನಿಮ್ಮದು ಹಾಗಿದ್ದಂತಿಲ್ಲ. ಎತ್ತರ ಬದಲಿಸುವ ಬಗ್ಗೆ ನೀವಿರುವ ಕಡೆಯ ನೋಂದಣಿ ನಿಯಮ ಏನೆನ್ನುತ್ತದೆ, ಇನ್ಶೂರೆನ್ಸ್‌ನವರಿಗೆ ತಿಳಿಸಬೇಕೇ ಎಂದು ದುಡ್ಡು ಕಟ್ಟುವ ಮೊದಲೇ ವಿಚಾರಿಸಿ.

ಈಗ ನಿಮ್ಮ ಎರಡನೇ ಕಿಟ್ಟಿನ ಮಾರಾಟಗಾರರಿಗೆ ಮೂರು ಪ್ರಶ್ನೆ ಕಳಿಸಿ: ನನ್ನ ಮಾಡೆಲ್ಲಿಗೆ ಸ್ಪ್ರಿಂಗ್ ಎಷ್ಟು ಕೆಜಿ, 25 ಮಿಮೀ ಇಳಿಸಿದಾಗ ಬಂಪ್ ಸ್ಟಾಪಿನ ತನಕ ಎಷ್ಟು ಮಿಮೀ ಉಳಿಯುತ್ತದೆ, ಸೀಲ್ ಹೋದರೆ ರಿಪೇರಿ ಎಲ್ಲಿ? ಮುಂದೆ 4ರಿಂದ 5 ಕೆಜಿ ಒಳಗೆ ಉತ್ತರ ಬಂದರೆ, ಉಳಿದೆರಡಕ್ಕೂ ತಡವರಿಸದೆ ಹೇಳಿದರೆ, ತಗೊಳ್ಳಿ. ಹಾಕಿಸಿದ ಮೇಲೂ ವಾಲಾಟ ಜಾಸ್ತಿ ಅನ್ನಿಸಿದರೆ ಮತ್ತೆ ಸ್ಪ್ರಿಂಗಿಗೆ ಕೈ ಹಾಕಬೇಡಿ. ಹಿಂದಿನ ಬೀಮಿಗೆ ಬೋಲ್ಟ್ ಮಾಡುವ ಆ್ಯಂಟಿ ರೋಲ್ ಬಾರ್ ನಿಮ್ಮ ಮಾಡೆಲ್ಲಿಗೆ ಸಿಗುತ್ತದೆಯೇ ನೋಡಿ. ನೇರ ರಸ್ತೆಯಲ್ಲಿ ಮೆತ್ತಗಿದ್ದು ಮುಖ್ಯವಾಗಿ ತಿರುವಿನಲ್ಲಿ ಕೆಲಸ ಮಾಡುವ ಭಾಗ ಅದು. ಫ್ರಂಟ್ ವೀಲ್ ಡ್ರೈವ್ ಗಾಡಿಯ ಮೂತಿ ತಿರುವಿನ ಹೊರಕ್ಕೆ ಜಾರುವುದನ್ನೂ ಕಡಿಮೆ ಮಾಡುತ್ತದೆ. ಮಳೆಯಲ್ಲಿ ಮಾತ್ರ ಹಿಂಭಾಗ ಮೊದಲಿಗಿಂತ ಸಲೀಸಾಗಿ ಜಾರಬಹುದು, ಮೊದಲ ಕೆಲವು ದಿನ ಕಾಲು ಹಗುರವಾಗಿರಲಿ.